ಹಳೇ ಜೀಪಿನ ಸ್ಪೀಡೋಮೀಟರ್ ಕೇಬಲ್ ಬದಲಿಸುವುದು: ಹೊಸದೂ ತುಂಡಾಗದ ಹಾಗೆ

ಹಳೇ ಮಹೀಂದ್ರ ಜೀಪು ಇಟ್ಟುಕೊಂಡವರು ಪದೇ ಪದೇ ಕೇಳುವ ಪ್ರಶ್ನೆ ಇದು: ‘ಮೀಟರ್ ಕೇಬಲ್ ಹೊಸದು ಹಾಕಿಸಿದೆ, ಸ್ವಲ್ಪ ದಿನಕ್ಕೇ ಮುಳ್ಳು ಮತ್ತೆ ಸತ್ತುಹೋಯಿತು, ಯಾಕೆ?’ ಉತ್ತರ ಹೆಚ್ಚಾಗಿ ಕೇಬಲ್‌ನಲ್ಲಿ ಇರುವುದಿಲ್ಲ. ಮೇಲೆ ಮೀಟರ್ ಬಿಗಿಯಾಗಿರುತ್ತದೆ, ಕೆಳಗೆ ಗೇರಿನ ಹಲ್ಲು ಸವೆದಿರುತ್ತದೆ, ಇಲ್ಲವೇ ನಡುವೆ ಎಲ್ಲೋ ಕೇಬಲ್ ಅತಿಯಾಗಿ ಬಾಗಿರುತ್ತದೆ. ಆ ಕಾರಣ ಉಳಿದರೆ ಹೊಸ ಕೇಬಲ್ಲೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಹಾಗಾಗಿ ಇಲ್ಲಿ ಬಿಚ್ಚಿ ಹಾಕುವ ಕೆಲಸದಷ್ಟೇ ಜಾಗವನ್ನು ಕಾರಣ ಹುಡುಕುವ ಕೆಲಸಕ್ಕೂ ಕೊಟ್ಟಿದ್ದೇವೆ.

ಈ ಲೇಖನ ವಿಲ್ಲಿಸ್ ಮೂಲದ ಜೀಪುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು, ಅಂದರೆ ಸಿಜೆ ಮಾದರಿಗಳು ಮತ್ತು ಅದೇ ವಂಶದಲ್ಲಿ ಮಹೀಂದ್ರ ಹೊರತಂದ ಗಾಡಿಗಳು. ಮಾರುತಿ ಜಿಪ್ಸಿಯಲ್ಲೂ ಕೇಬಲ್ ಹೋಗುವುದು ಟ್ರಾನ್ಸ್‌ಫರ್ ಕೇಸ್‌ಗೇ, ತತ್ವ ಒಂದೇ. ತುದಿಗಳ ಜೋಡಣೆ ಮಾತ್ರ ಬೇರೆ ಇರುತ್ತದೆ. ಬಿಚ್ಚುವ ಮೊದಲು ಅದು ನಟ್ಟೋ ಒತ್ತಿ ಬಿಡಿಸುವ ಲಾಕೋ ಎಂದು ಬೆರಳಿನಿಂದ ತಡವಿ ನೋಡಿಕೊಳ್ಳಿ. ಮೀಟರ್ ಎಲೆಕ್ಟ್ರಾನಿಕ್ ಸೆನ್ಸರ್‌ನಿಂದ ನಡೆಯುವ ಗಾಡಿಗಳಿಗೆ ಇದು ಅನ್ವಯಿಸುವುದಿಲ್ಲ.

ಮೊದಲು ನಾಲ್ಕು ಹೆಸರು

ಇನ್ನರ್: ಕೇಬಲ್‌ನ ಒಳಗೆ ತಿರುಗುವ ಉಕ್ಕಿನ ಹುರಿ. ತುದಿಗಳು ಚೌಕವಾಗಿರುತ್ತವೆ.

ಔಟರ್: ಇನ್ನರನ್ನು ತನ್ನೊಳಗೆ ತಿರುಗಲು ಬಿಡುವ ಹೊರಗಿನ ಕೊಳವೆ. ಇದು ತಿರುಗುವುದಿಲ್ಲ.

ಟ್ರಾನ್ಸ್‌ಫರ್ ಕೇಸ್: ಗೇರ್ ಬಾಕ್ಸ್‌ನ ಹಿಂದಿರುವ ಡಬ್ಬಿ. ಎಂಜಿನ್ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವುದು ಇದು. ಫೋರ್ ವೀಲ್ ಮತ್ತು ಲೋ (ವೇಗ ಕಡಿಮೆ, ಬಲ ಹೆಚ್ಚು) ಹಾಕುವ ಲಿವರ್‌ಗಳು ಇದರವೇ.

ಮೀಟರ್ ಗೇರ್: ಟ್ರಾನ್ಸ್‌ಫರ್ ಕೇಸ್‌ನ ಹಿಂಬದಿ ಔಟ್‌ಪುಟ್ ಶಾಫ್ಟ್‌ನಿಂದ ತಿರುಗುವ ಚಿಕ್ಕ ಗೇರ್. ಇದರ ನಡುವಿನ ಚೌಕ ತೂತಿನಲ್ಲಿ ಇನ್ನರ್ ಕೂರುತ್ತದೆ. ಇದು ಔಟ್‌ಪುಟ್ ಕಡೆಯಲ್ಲಿ ಇರುವುದರಿಂದಲೇ ಲೋ ರೇಂಜಿನಲ್ಲಿ ಘಾಟಿ ಹತ್ತುವಾಗಲೂ ಮೀಟರ್ ಸರಿಯಾದ ವೇಗವನ್ನೇ ತೋರಿಸುತ್ತದೆ.

ಮೀಟರ್ ಒಳಗೆ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದನ್ನು ಮುಟ್ಟದೆ ಸುತ್ತುವರಿದ ಅಲ್ಯೂಮಿನಿಯಂ ಬಟ್ಟಲೊಂದು ಆ ಸೆಳೆತಕ್ಕೆ ತಿರುಗಲು ಹೋಗುತ್ತದೆ, ಕೂದಲೆಳೆಯಂಥ ಸ್ಪ್ರಿಂಗು ಅದನ್ನು ಹಿಂದಕ್ಕೆ ಎಳೆಯುತ್ತದೆ. ಮುಳ್ಳು ನಿಲ್ಲುವುದು ಈ ಎರಡರ ಸಮತೋಲದಲ್ಲಿ. ಕಿಲೋಮೀಟರ್ ಎಣಿಸುವ ಅಂಕಿಗಳು ಮಾತ್ರ ಹಲ್ಲಿನ ಗೇರುಗಳಿಂದ ನೇರವಾಗಿ ತಿರುಗುತ್ತವೆ. ಇದು ಗೊತ್ತಿದ್ದರೆ ರೋಗ ಎಲ್ಲಿದೆ ಎಂದು ಸೀಟಿನಲ್ಲಿ ಕೂತೇ ಅರ್ಧ ಹೇಳಬಹುದು.

ತಪ್ಪು ಕೇಬಲ್‌ನದ್ದೇನಾ?

ಮುಳ್ಳು, ಅಂಕಿ ಎರಡೂ ನಿಂತಿದ್ದರೆ ಇನ್ನರ್ ತುಂಡಾಗಿರಬೇಕು, ತುದಿಯ ನಟ್ ಬಿಟ್ಟಿರಬೇಕು, ಇಲ್ಲವೇ ಮೀಟರ್ ಗೇರ್ ಹೋಗಿರಬೇಕು. ಅಂಕಿ ಓಡುತ್ತಿದೆ, ಮುಳ್ಳು ಮಾತ್ರ ಸತ್ತಿದೆ ಎಂದರೆ ಕೇಬಲ್ ತಿರುಗುತ್ತಿದೆ ಎಂದೇ ಅರ್ಥ. ಅದು ಮೀಟರ್ ರಿಪೇರಿ, ಕೇಬಲ್‌ಗೆ ಹಣ ಹಾಕಬೇಡಿ. ಮುಳ್ಳು ಓಡುತ್ತಿದ್ದು ಅಂಕಿ ನಿಂತಿದ್ದರೂ ಅಷ್ಟೇ.

ಮುಳ್ಳು ನಡುಗುತ್ತಾ ಹಿಂದೆ ಮುಂದೆ ಕುಣಿಯುತ್ತಿದ್ದರೆ ಇನ್ನರ್ ಒಣಗಿದೆ ಅಥವಾ ಎಲ್ಲೋ ಮಡಿಕೆ ಬಿದ್ದಿದೆ. ಒಣಗಿದ ಇನ್ನರ್ ಒಂದು ಕಡೆ ಸಿಕ್ಕಿಕೊಂಡು, ತಿರುಚಿಕೊಂಡು, ಆಮೇಲೆ ಒಮ್ಮೆಲೇ ಬಿಡಿಸಿಕೊಳ್ಳುತ್ತದೆ. ಆ ಎಳೆದಾಟವೇ ಮುಳ್ಳಿನಲ್ಲಿ ಕಾಣುವುದು. ಬೆಳಗಿನ ಚಳಿಯಲ್ಲಿ ಡ್ಯಾಶ್‌ಬೋರ್ಡ್ ಹಿಂದಿನಿಂದ ಕೀಚಲು ಸದ್ದು ಬರುವುದೂ ಇದೇ ಕಾರಣಕ್ಕೆ, ಇಲ್ಲವೇ ಮೀಟರ್‌ನ ಬುಷ್ (ತಿರುಗುವ ದಂಡ ಕೂರುವ ಬಳೆ) ಒಣಗಿರುವುದಕ್ಕೆ. ಈ ಸದ್ದನ್ನು ಬಹಳ ದಿನ ಕೇಳಿಸಿಕೊಂಡೂ ಸುಮ್ಮನಿದ್ದರೆ ಕೊನೆಗೆ ಇನ್ನರ್ ತುಂಡಾಗುತ್ತದೆ.

ಗಾಡಿ ಸ್ವಲ್ಪ ಓಡಿದರೂ ಮುಳ್ಳು ವಿಪರೀತ ಮೇಲೇರಿ ಅಲ್ಲೇ ಅಂಟಿಕೊಳ್ಳುತ್ತದೆಯೇ? ಮೀಟರ್ ಒಳಗೆ ಗ್ರೀಸೋ ಗೇರ್ ಆಯಿಲ್ಲೋ ನುಗ್ಗಿರಬಹುದು. ಅಯಸ್ಕಾಂತ ಮತ್ತು ಬಟ್ಟಲಿನ ನಡುವಿನ ಸಣ್ಣ ಸಂದಿಯಲ್ಲಿ ಜಿಡ್ಡು ತುಂಬಿದರೆ ಎರಡೂ ಒಂದಾಗಿ ತಿರುಗುತ್ತವೆ.

ಖಚಿತಪಡಿಸಿಕೊಳ್ಳಲು ಒಂದು ಸುಲಭದ ಪರೀಕ್ಷೆ ಇದೆ. ಮೀಟರ್ ಹಿಂದಿನ ನಟ್ ಬಿಚ್ಚಿ ಕೇಬಲ್ ತುದಿಯನ್ನು ಹೊರಗೆ ಎಳೆದುಕೊಳ್ಳಿ. ಸಮತಟ್ಟಾದ ಜಾಗದಲ್ಲಿ ಗೇರ್ ನ್ಯೂಟ್ರಲ್‌ಗೆ ಹಾಕಿ, ಒಬ್ಬರು ಸ್ಟಿಯರಿಂಗ್ ಹಿಡಿದು ಬ್ರೇಕ್ ಮೇಲೆ ಕಾಲಿಟ್ಟುಕೊಂಡಿರಲಿ, ಇನ್ನಿಬ್ಬರು ಗಾಡಿಯನ್ನು ನಿಧಾನ ತಳ್ಳಲಿ. ಇನ್ನರ್‌ನ ಚೌಕ ತುದಿ ತಿರುಗಿದರೆ ಕೇಬಲ್ಲೂ ಗೇರೂ ಸರಿ ಇವೆ, ತಪ್ಪು ಮೀಟರ್‌ನದ್ದು. ತಿರುಗುವ ತುದಿಯನ್ನು ಬೆರಳಲ್ಲಿ ಹಗುರವಾಗಿ ಹಿಡಿದು ನೋಡಿ. ಅಷ್ಟಕ್ಕೇ ನಿಂತು ಬಿಟ್ಟರೆ ಕೆಳಗಡೆ ಚೌಕ ಸವೆದು ಜಾರುತ್ತಿದೆ. ಗಾಡಿ ಮುಂದಕ್ಕೆ ಹೋಗುವಾಗ ತುದಿ ಯಾವ ದಿಕ್ಕಿಗೆ ತಿರುಗಿತು ಎಂಬುದನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಕೇಬಲ್ ತುಂಡಾಗಿ ತುದಿ ಅಲುಗದಿದ್ದರೆ, ಈ ದಿಕ್ಕನ್ನು 3ನೇ ಹಂತದಲ್ಲಿ ಕೆಳಗಿನ ಮೀಟರ್ ಗೇರ್ ನೋಡಿ ತಿಳಿದುಕೊಳ್ಳಬಹುದು.

ಕೊಳ್ಳುವಾಗ

ಬಿಡಿಭಾಗದ ಅಂಗಡಿಗೆ ಹಳೇ ಕೇಬಲ್ಲನ್ನೇ ತೆಗೆದುಕೊಂಡು ಹೋಗಿ. ಗಾಡಿಯ ಮಾದರಿ ಹೇಳಿ ಕೊಳ್ಳುವುದನ್ನು ನಂಬಬೇಡಿ. ಈ ಜೀಪುಗಳಲ್ಲಿ ಹತ್ತಾರು ವರ್ಷಗಳಲ್ಲಿ ಎಂಜಿನ್ ಬದಲಾಗಿರುತ್ತದೆ, ಗೇರ್ ಬಾಕ್ಸ್ ಬೇರೆ ಗಾಡಿಯದ್ದು ಕೂತಿರುತ್ತದೆ, ಮೀಟರ್ ಇನ್ನಾವುದೋ ಆಗಿರುತ್ತದೆ. ಪುಸ್ತಕದಲ್ಲಿ ಇರುವ ಕೇಬಲ್ ನಿಮ್ಮ ಗಾಡಿಯಲ್ಲಿ ಇರಬೇಕೆಂದಿಲ್ಲ.

ಹೊಸದನ್ನು ಹಳೆಯದರ ಪಕ್ಕದಲ್ಲಿಟ್ಟು ನಾಲ್ಕು ಅಳತೆ ನೋಡಿ: ಔಟರ್‌ನ ಒಟ್ಟು ಉದ್ದ, ಎರಡೂ ನಟ್ಟುಗಳ ಗಾತ್ರ ಮತ್ತು ಥ್ರೆಡ್ (ಮೀಟರ್ ಕಡೆಯದ್ದು ಚಿಕ್ಕದು, ಕೆಳಗಿನದ್ದು ದೊಡ್ಡದು ಇರುವುದುಂಟು), ಇನ್ನರ್ ತುದಿಯ ಚೌಕದ ದಪ್ಪ, ಮತ್ತು ಔಟರ್‌ನಿಂದ ಇನ್ನರ್ ಎಷ್ಟು ಹೊರಗೆ ಚಾಚಿದೆ ಎಂಬುದು. ಉದ್ದ ಸ್ವಲ್ಪ ಹೆಚ್ಚಿದ್ದರೆ ನಡೆಯುತ್ತದೆ, ಕಡಿಮೆ ಇದ್ದರೆ ಮುಟ್ಟಲೇಬೇಡಿ. ಎಂಜಿನ್, ಗೇರ್ ಬಾಕ್ಸ್ ಎರಡೂ ರಬ್ಬರ್ ಮೌಂಟಿಂಗ್ ಮೇಲೆ ಅಲ್ಲಾಡುತ್ತವೆ. ಎಳೆದು ಕಟ್ಟಿದ ಕೇಬಲ್ ಹಳ್ಳದ ದಾರಿಯಲ್ಲಿ ತುದಿಯಿಂದ ಕಿತ್ತು ಬರುತ್ತದೆ.

ಔಟರ್ ಚೆನ್ನಾಗಿದ್ದರೆ ಇನ್ನರ್ ಮಾತ್ರ ಬದಲಿಸಬಹುದು. ಆದರೆ ಔಟರ್ ಎಲ್ಲಾದರೂ ಜಜ್ಜಿದ್ದರೆ, ಸುಟ್ಟಿದ್ದರೆ, ಮೇಲಿನ ಪ್ಲಾಸ್ಟಿಕ್ ಸೀಳಿ ಒಳಗಿನ ತಂತಿಗೆ ತುಕ್ಕು ಹಿಡಿದಿದ್ದರೆ ಪೂರ್ತಿ ಸೆಟ್ ಕೊಳ್ಳಿ.

ಕೇಬಲ್ ಜತೆಗೆ ಬೇಕಾಗುವುದು: ಮೀಟರ್ ಗೇರ್‌ನ ಆಯಿಲ್ ಸೀಲ್ ಅಥವಾ ಓ-ರಿಂಗ್, ಫೈರ್‌ವಾಲ್ ತೂತಿಗೆ ರಬ್ಬರ್ ಗ್ರೋಮೆಟ್ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡೇ ಫೈರ್‌ವಾಲ್), ಕೇಬಲ್ ಟೈ ಐದಾರು, ತೆಳುವಾದ ಗ್ರೀಸ್ ಅಥವಾ ಗ್ರಾಫೈಟ್ ಪುಡಿ, ಹೊಲಿಗೆ ಯಂತ್ರದ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ, ತಂತಿ ಬ್ರಷ್, ಸ್ಪ್ಯಾನರ್ ಸೆಟ್, ಇಕ್ಕಳ, ಟಾರ್ಚು, ಬನಿಯನ್ ವೇಸ್ಟ್, ಕೆಳಗೆ ಹಿಡಿಯಲು ಒಂದು ತಟ್ಟೆ.

ಹಂತ 1: ಗಾಡಿ ನಿಲ್ಲಿಸುವುದು

ಸಮತಟ್ಟಾದ, ಗಟ್ಟಿ ನೆಲದಲ್ಲಿ ನಿಲ್ಲಿಸಿ. ಬರೇ ಹ್ಯಾಂಡ್‌ಬ್ರೇಕ್ ನಂಬಬೇಡಿ, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಗೇರ್ ಬಾಕ್ಸ್, ಸೈಲೆನ್ಸರ್ ತಣ್ಣಗಾಗಲಿ. ಜೀಪಿನ ಕೆಳಗೆ ಜಾಗ ಸಾಕಷ್ಟು ಇರುವುದರಿಂದ ಜಾಕ್ ಬೇಕಾಗುವುದಿಲ್ಲ, ಬಳಸದಿರುವುದೇ ಒಳ್ಳೆಯದು.

ಇದಕ್ಕೊಂದು ಗಂಭೀರ ಕಾರಣ ಇದೆ. ಎಷ್ಟೋ ಹಳೇ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸ್ ಹಿಂದಿರುವ ಡ್ರಮ್ಮಿನ ಮೂಲಕ ಪ್ರೊಪೆಲ್ಲರ್ ಶಾಫ್ಟನ್ನು, ಅಂದರೆ ಹಿಂಚಕ್ರಗಳ ಕಡೆಗೆ ಬಲ ಒಯ್ಯುವ ಉದ್ದ ದಂಡವನ್ನು. ಅಂಥ ಗಾಡಿಯ ಒಂದು ಹಿಂಚಕ್ರ ಎತ್ತಿದರೆ, ಶಾಫ್ಟ್ ನಿಂತಿದ್ದರೂ ಡಿಫರೆನ್ಷಿಯಲ್ (ಎರಡು ಹಿಂಚಕ್ರಗಳ ನಡುವಿನ ಗೇರ್ ಡಬ್ಬಿ) ಮೂಲಕ ಎತ್ತಿದ ಚಕ್ರ ಒಂದು ಕಡೆಗೆ, ನೆಲದಲ್ಲಿರುವ ಚಕ್ರ ಇನ್ನೊಂದು ಕಡೆಗೆ ಸಲೀಸಾಗಿ ತಿರುಗುತ್ತವೆ. ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಗಾಡಿ ಜಾಕ್‌ನಿಂದ ಉರುಳುತ್ತದೆ, ಕೆಳಗೆ ನೀವು ಇರುತ್ತೀರಿ. ಹಾಗೆಯೇ ಚಕ್ರ ಎತ್ತಿ, ಎಂಜಿನ್ ಚಾಲೂ ಮಾಡಿ, ಗೇರ್ ಹಾಕಿ ಮೀಟರ್ ನೋಡುವ ಪ್ರಯೋಗ ಖಂಡಿತ ಬೇಡ.

ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಿ. ಹಳೇ ಜೀಪಿನ ಡ್ಯಾಶ್‌ಬೋರ್ಡ್‌ನಲ್ಲಿ ಆಂಪಿಯರ್ ಮೀಟರ್ ಇದ್ದರೆ ಅದರ ಹಿಂದಿನ ತಿರುಪುಗಳಲ್ಲಿ ಕೀ ತೆಗೆದಿದ್ದರೂ ಕರೆಂಟ್ ಇರುತ್ತದೆ, ನಡುವೆ ಫ್ಯೂಸೂ ಇಲ್ಲದಿರಬಹುದು. ಸ್ಪ್ಯಾನರ್ ಅದಕ್ಕೂ ತಗಡಿಗೂ ಒಟ್ಟಿಗೆ ತಾಗಿದರೆ ವೈರಿಂಗ್ ಹೊತ್ತಿಕೊಳ್ಳುತ್ತದೆ.

ಹಂತ 2: ಮೀಟರ್ ತುದಿ ಬಿಚ್ಚುವುದು

ಡ್ಯಾಶ್‌ಬೋರ್ಡ್ ಕೆಳಗಿನಿಂದ ಕೈ ತೂರಿಸಿದರೆ ಮೀಟರ್ ಬೆನ್ನಿಗೆ ಗೆರೆ ಗೆರೆಯ ನಟ್ ಸಿಗುತ್ತದೆ. ಬೆರಳಿನಿಂದಲೇ ಬಿಚ್ಚಬೇಕು. ಬಾರದಿದ್ದರೆ ಸ್ಪ್ರೇ ಹಾಕಿ ಹತ್ತು ನಿಮಿಷ ಬಿಟ್ಟು, ಇಕ್ಕಳದ ಬಾಯಿಗೆ ಬಟ್ಟೆ ಸುತ್ತಿ ಹಗುರವಾಗಿ ತಿರುಗಿಸಿ. ಮೀಟರ್‌ನ ಥ್ರೆಡ್ ಮೃದು ಲೋಹದ್ದು, ಹಾಳಾದರೆ ಮೀಟರೇ ಹೋದ ಹಾಗೆ. ಕೈ ತೂರದಷ್ಟು ಇಕ್ಕಟ್ಟಿದ್ದರೆ ಮೀಟರ್ ಹಿಡಿದಿರುವ ಪಟ್ಟಿಯ ನಟ್ ಬಿಚ್ಚಿ ಮೀಟರನ್ನು ಮುಂದಕ್ಕೆ ಎಳೆಯಿರಿ. ಬಲ್ಬ್ ಹೋಲ್ಡರ್, ವೈರುಗಳನ್ನು ತೆಗೆಯುವ ಮುಂಚೆ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಹಂತ 3: ಕೆಳಗಿನ ತುದಿ

ಕೆಸರು ಒಣಗಿ ಗಟ್ಟಿಯಾಗಿರುತ್ತದೆ. ಮೊದಲು ತಂತಿ ಬ್ರಷ್‌ನಿಂದ ಕೆರೆದು, ಬಟ್ಟೆಯಿಂದ ಚೊಕ್ಕವಾಗಿ ಒರೆಸಿ. ಇದನ್ನು ಬಿಟ್ಟವರು ನಟ್ ಬಿಚ್ಚಿದ ಕೂಡಲೇ ಮಣ್ಣನ್ನು ಟ್ರಾನ್ಸ್‌ಫರ್ ಕೇಸ್ ಒಳಗೇ ಬೀಳಿಸುತ್ತಾರೆ. ಕೆಳಗಿನಿಂದ ಕೈ ಸಾಲದಿದ್ದರೆ ಗೇರ್ ಲಿವರ್ ಸುತ್ತಲಿನ ನೆಲದ ತಗಡು ಬಿಚ್ಚಿ ಮೇಲಿನಿಂದಲೂ ನೋಡಬಹುದು.

ತಟ್ಟೆ ಕೆಳಗಿಟ್ಟು ನಟ್ ಬಿಚ್ಚಿ. ಸ್ವಲ್ಪ ಆಯಿಲ್ ತೊಟ್ಟಿಕ್ಕಬಹುದು. ಈಗ ಕೇಬಲ್ ತುದಿಯನ್ನು ನೋಡಿ: ಔಟರ್ ಒಳಗೆಲ್ಲ ಗೇರ್ ಆಯಿಲ್ ತುಂಬಿದೆಯೇ? ಹಾಗಿದ್ದರೆ ಸೀಲ್ ಹೋಗಿದೆ. ಇನ್ನರ್ ಸುತ್ತಿದ ತಂತಿಯಿಂದ ಆದದ್ದು, ತಿರುಗುವಾಗ ಅದರ ಸುರುಳಿ ಆಯಿಲ್ಲನ್ನು ಮೇಲಕ್ಕೆ ಒಯ್ಯುತ್ತದೆ, ಮೀಟರ್‌ವರೆಗೂ. ಸೀಲ್ ಬದಲಿಸದೆ ಹೊಸ ಕೇಬಲ್ ಹಾಕಬೇಡಿ.

ಮೀಟರ್ ಗೇರನ್ನು ಅದರ ಹೌಸಿಂಗ್ (ಗೇರ್ ಕೂರುವ ಕವಚ) ಸಮೇತ ಹೊರತೆಗೆದು ಹಲ್ಲು ನೋಡಿ. ಪ್ರತಿಯೊಂದು ಹಲ್ಲೂ ಪೂರ್ತಿ ಇರಬೇಕು, ಚೌಕ ತೂತಿನ ಮೂಲೆಗಳು ಚೂಪಾಗಿರಬೇಕು. ತೂತು ಗುಂಡಗಾಗಿದ್ದರೆ ಇನ್ನರ್ ಅದರಲ್ಲಿ ಜಾರುತ್ತದೆ, ಗೇರ್ ಬದಲಿಸಿ. ಎಷ್ಟು ಹಲ್ಲಿನದ್ದು ಎಂದು ಎಣಿಸಿ ಅಷ್ಟೇ ಹಲ್ಲಿನದ್ದನ್ನು ತನ್ನಿ. ಬೇರೆ ಸಂಖ್ಯೆಯದ್ದು ಹಾಕಿದರೆ ಮೀಟರ್ ತಪ್ಪು ವೇಗ ತೋರಿಸುತ್ತದೆ.

ಹಂತ 4: ಹಳೇ ಕೇಬಲ್ ಹೇಳುವುದನ್ನು ಕೇಳಿ

ಫೈರ್‌ವಾಲ್‌ನಿಂದ ಕೇಬಲ್ ಎಳೆಯುವ ಮೊದಲು ಅದು ಎಲ್ಲೆಲ್ಲಿ ಹಾದು ಬಂದಿದೆ, ಎಲ್ಲಿ ಕ್ಲಿಪ್ ಇದೆ ಎಂದು ಗುರುತು ಮಾಡಿಕೊಳ್ಳಿ. ಹೊರತೆಗೆದ ಮೇಲೆ ಇನ್ನರ್ ಎಲ್ಲಿ ತುಂಡಾಗಿದೆ ಎಂದು ನೋಡಿ. ಕೆಲಸದ ಮುಖ್ಯ ಭಾಗ ಇದೇ.

ಮೀಟರ್ ತುದಿಯ ಹತ್ತಿರ ತಿರುಚಿ ತುಂಡಾಗಿದ್ದರೆ ಮೀಟರ್ ಬಿಗಿಯಾಗಿದೆ. ನಡುವೆ, ಒಂದು ಬಾಗಿನ ಜಾಗದಲ್ಲಿ ಎಳೆ ಎಳೆಯಾಗಿ ಬಿಟ್ಟಿದ್ದರೆ ಕೇಬಲ್ ಹಾದುಹೋದ ದಾರಿ ತಪ್ಪು. ಕೆಳಗಿನ ಚೌಕ ಸವೆದು ಗುಂಡಗಾಗಿದ್ದರೆ ಗೇರ್ ತೂತು ಸವೆದಿದೆ, ಅಥವಾ ಇನ್ನರ್ ಗಿಡ್ಡವಾಗಿದ್ದು ತುದಿ ಮಾತ್ರ ಒಳಗೆ ಕೂತಿತ್ತು. ಉದ್ದಕ್ಕೂ ಕೆಂಪು ತುಕ್ಕಿನ ಪುಡಿ ಇದ್ದರೆ ನೀರು ಹೋಗಿದೆ. ಹೊಳೆ ದಾಟುವ ಗಾಡಿಗಳಲ್ಲಿ ಇದು ಸಾಮಾನ್ಯ, ಕೊಡಚಾದ್ರಿಯಂಥ ದಾರಿಯಲ್ಲಿ ಮಳೆಗಾಲವಿಡೀ ಓಡುವ ಜೀಪುಗಳಲ್ಲಂತೂ ಇದನ್ನು ನಿರೀಕ್ಷಿಸಲೇಬೇಕು.

ಮೀಟರ್ ಬಿಗಿಯಾಗಿದೆಯೇ ಎಂದು ನೋಡಲು, ಹಳೇ ಇನ್ನರ್‌ನ ಒಳ್ಳೆ ಚೌಕ ತುದಿಯಿಂದ ಒಂದು ಗೇಣು ಕತ್ತರಿಸಿಕೊಂಡು ಮೀಟರ್ ಹಿಂದಿನ ತೂತಿಗೆ ಹಾಕಿ, ಗುರುತು ಮಾಡಿಕೊಂಡ ದಿಕ್ಕಿಗೆ ಬೆರಳಲ್ಲಿ ತಿರುಗಿಸಿ. ಯಾವ ತಡೆಯೂ ಇಲ್ಲದೆ ತಿರುಗಬೇಕು, ಚುರುಕಾಗಿ ತಿರುಗಿಸಿದಾಗ ಮುಳ್ಳು ಎದ್ದು ಬೀಳಬೇಕು. ಸ್ವಲ್ಪ ಗರಗರ ಎಂದರೆ ಬುಷ್‌ಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಒಂದು ಹನಿ ಬಿಟ್ಟು ಮತ್ತೆ ತಿರುಗಿಸಿ. ಎರಡನೇ ಹನಿ ಬೇಡ. ಆಗಲೂ ಬಿಗಿ ಇದ್ದರೆ ಮೀಟರ್ ರಿಪೇರಿಗೆ ಕೊಡಿ. ಹಾಗೇ ಹಾಕಿದರೆ ಹೊಸ ಇನ್ನರ್ ಅದನ್ನು ತಿರುಗಿಸಲು ಹೋಗಿ ತಾನೇ ತುಂಡಾಗುತ್ತದೆ.

ಹಂತ 5: ಗ್ರೀಸ್

ತುಂಬ ಜನ ಕೆಡಿಸುವುದು ಇಲ್ಲೇ. ಚಾಸಿಸ್‌ಗೆ ಹೊಡೆಯುವ ದಪ್ಪ ಗ್ರೀಸ್ ಇದಕ್ಕಲ್ಲ, ಚಳಿಗೆ ಗಟ್ಟಿಯಾಗಿ ಇನ್ನರನ್ನು ಹಿಡಿದುಕೊಳ್ಳುತ್ತದೆ. ತೆಳುವಾದ ಗ್ರೀಸನ್ನು ಬೆರಳಿಗೆ ಹಚ್ಚಿಕೊಂಡು ಇನ್ನರ್ ಮೇಲೆ ಸವರಿ. ಲೋಹ ಮಿನುಗಬೇಕು, ಗ್ರೀಸ್ ಗುಡ್ಡೆ ಕಾಣಬಾರದು. ಕೆಳಗಿನ ಮುಕ್ಕಾಲು ಪಾಲಿಗೆ ಸಾಕು. ಮೀಟರ್ ಕಡೆಯ ಕೊನೆಯ 200 ಮಿ.ಮೀ. ಒಣಗಿಯೇ ಇರಲಿ. ಪೂರ್ತಿ ಒಳಗೆ ತೂರಿಸಿದ ಮೇಲೆ ಮೇಲಿನಿಂದ ಅಷ್ಟುದ್ದ ಹೊರಗೆಳೆದು ಬಟ್ಟೆಯಿಂದ ಒರೆಸಿ ಮತ್ತೆ ಬಿಡಿ. ಗ್ರಾಫೈಟ್ ಪುಡಿ ಬಳಸುವುದಾದರೆ ಅದೊಂದನ್ನೇ ಬಳಸಿ, ಗ್ರೀಸ್ ಜತೆ ಬೆರೆಸಬೇಡಿ. ಅಂಗಡಿಯಿಂದ ಬಂದ ಸೆಟ್‌ನಲ್ಲಿ ಗ್ರೀಸ್ ಇದೆಯೋ ಇಲ್ಲವೋ ಎಂದು ಇನ್ನರ್ ಎಳೆದು ನೋಡಿ. ಒಣ ಕೇಬಲ್ ಹಾಗೇ ಹಾಕಿಬಿಡುವುದು ಮಾಮೂಲಿ ತಪ್ಪು.

ಹಂತ 6: ದಾರಿ ಹಾಕುವುದು

ಗ್ರೋಮೆಟ್ ಹಾಕಿ ಫೈರ್‌ವಾಲ್‌ನಿಂದ ಕೇಬಲ್ ತೂರಿಸಿ. ಗ್ರೋಮೆಟ್ ಇಲ್ಲದ ತಗಡಿನ ಅಂಚು ಔಟರನ್ನು ಗರಗಸದ ಹಾಗೆ ಕೊಯ್ಯುತ್ತದೆ.

ಯಾವ ಬಾಗೂ 150 ಮಿ.ಮೀ. ತ್ರಿಜ್ಯಕ್ಕಿಂತ ಚಿಕ್ಕದಾಗಬಾರದು, ಅಂದರೆ 30 ಸೆಂ.ಮೀ. ಅಗಲದ ಊಟದ ತಟ್ಟೆಯ ಅಂಚಿಗೆ ಸುತ್ತಿದರೆ ಎಷ್ಟು ಬಾಗುತ್ತದೋ ಅಷ್ಟೇ. ಎರಡೂ ತುದಿಯಲ್ಲಿ ನಟ್‌ನಿಂದ ಹೊರಬಂದ ಮೊದಲ 50 ಮಿ.ಮೀ. ನೇರವಾಗಿರಲಿ. ಸೈಲೆನ್ಸರ್ ಪೈಪ್‌ನಿಂದ ಕನಿಷ್ಠ 100 ಮಿ.ಮೀ. ದೂರ ಇಡಿ. ಕ್ಲಚ್ ಪೆಡಲ್ಲಿನ ರಾಡು, ಸ್ಟಿಯರಿಂಗ್, ಪ್ರೊಪೆಲ್ಲರ್ ಶಾಫ್ಟ್ ಇವುಗಳನ್ನು ಪೂರ್ತಿ ಅಲುಗಾಡಿಸಿ, ತಿರುಗಿಸಿ ಕೇಬಲ್‌ಗೆ ತಾಗುತ್ತದೆಯೇ ನೋಡಿ. ಕೇಬಲ್ ಟೈ ಸಡಿಲವಾಗಿ ಹಾಕಿ, ಬಿಗಿದರೆ ಔಟರ್ ಒಳಗೆ ತಗ್ಗಿ ಇನ್ನರನ್ನು ಅಮುಕುತ್ತದೆ. ಉದ್ದ ಹೆಚ್ಚಿದ್ದರೆ ಸುರುಳಿ ಸುತ್ತಬೇಡಿ, ಒಂದು ದೊಡ್ಡ ಬಾಗಿನಲ್ಲಿ ಕಳೆಯಿರಿ.

ಹಂತ 7: ಜೋಡಿಸುವುದು, ಕೆಳಗಿನದ್ದು ಮೊದಲು

ಹೊಸ ಸೀಲ್ ಹಾಕಿ ಮೀಟರ್ ಗೇರ್ ಕೂರಿಸಿ. ಇನ್ನರ್‌ನ ಚೌಕವನ್ನು ಗೇರಿನ ತೂತಿಗೆ ಹಿಡಿದು, ಮೇಲಿನ ತುದಿಯನ್ನು ಬೆರಳಲ್ಲಿ ನಿಧಾನ ತಿರುಗಿಸುತ್ತಾ ಒತ್ತಿ. ಚೌಕ ಕೂತಾಗ ಒಳಕ್ಕೆ ಇಳಿದದ್ದು ಕೈಗೆ ತಿಳಿಯುತ್ತದೆ. ಆಮೇಲೆ ನಟ್. ಅದು ಬೆರಳಲ್ಲೇ ಕೊನೆಯವರೆಗೆ ಹೋಗಬೇಕು. ಅರ್ಧಕ್ಕೆ ನಿಂತರೆ ಸ್ಪ್ಯಾನರ್ ಹಿಡಿಯಬೇಡಿ. ಚೌಕ ಕೂತಿಲ್ಲ ಎಂದೇ ಅದರ ಅರ್ಥ, ಬಲವಂತ ಮಾಡಿದರೆ ಇನ್ನರ್ ಔಟರ್ ಒಳಗೇ ಬಾಗುತ್ತದೆ, ಮೀಟರ್‌ಗೂ ಏಟು. ಬೆರಳಲ್ಲಿ ಕೂತ ಮೇಲೆ ಕೆಳಗಿನ ನಟ್ಟಿಗೆ ಇಕ್ಕಳದಿಂದ ಕಾಲು ಸುತ್ತು ಸಾಕು.

ಈಗ ಮೇಲಿನ ತುದಿಯಲ್ಲಿ ಔಟರ್‌ನಿಂದ ಇನ್ನರ್ ಎಷ್ಟು ಹೊರಗಿದೆ ಅಳೆಯಿರಿ. ಸಾಮಾನ್ಯವಾಗಿ 10 ಮಿ.ಮೀ. ಆಸುಪಾಸು. ನಿಮ್ಮ ಹಳೇ ಕೇಬಲ್‌ನಲ್ಲಿ ಎಷ್ಟಿತ್ತೋ ಅದೇ ಸರಿಯಾದ ಅಳತೆ. ಬೆರಳಲ್ಲಿ ಎಳೆದು ಒತ್ತಿದರೆ ಒಂದೆರಡು ಮಿ.ಮೀ. ಆಟ ಇರಬೇಕು. ಹೆಚ್ಚು ಚಾಚಿದ್ದರೆ ಇನ್ನರ್ ಮೀಟರನ್ನು ಒಳಗಿನಿಂದ ತಳ್ಳುತ್ತಾ ಅದರ ಬುಷ್ ತಿನ್ನುತ್ತದೆ. ಕಡಿಮೆ ಇದ್ದರೆ ಚೌಕದ ತುದಿಯಷ್ಟೇ ಸಿಕ್ಕಿಕೊಂಡು ಸವೆಯುತ್ತದೆ.

ಮೀಟರ್ ಕೂರಿಸುವ ಮುಂಚೆ ಗಾಡಿಯನ್ನು ಮತ್ತೊಮ್ಮೆ ತಳ್ಳಿ ನೋಡಿ. ಚಕ್ರಗಳ ಕಲ್ಲು ತೆಗೆಯುವ ಮೊದಲು ಒಬ್ಬರು ಬ್ರೇಕ್ ಮೇಲೆ ಕಾಲಿಟ್ಟು ಕೂತಿರಲಿ. ಕೆಲವು ಮೀಟರುಗಳ ಮುಖದ ಮೇಲೆ, ಒಂದು ಕಿಲೋಮೀಟರಿಗೆ ಕೇಬಲ್ ಎಷ್ಟು ಸುತ್ತು ತಿರುಗಬೇಕು ಎಂಬ ಸಂಖ್ಯೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಇನ್ನರ್ ತುದಿಗೆ ಟೇಪಿನ ಚಿಕ್ಕ ಬಾವುಟ ಅಂಟಿಸಿ, 20 ಮೀಟರ್ ಅಳೆದು ತಳ್ಳಿ ಸುತ್ತು ಎಣಿಸಿ. ಸಂಖ್ಯೆ 1000 ಇದ್ದರೆ 20 ಸುತ್ತು ಬರಬೇಕು, 620 ಇದ್ದರೆ ಹನ್ನೆರಡೂವರೆಯ ಹತ್ತಿರ. ತುಂಬ ವ್ಯತ್ಯಾಸ ಬಂದರೆ ಮೀಟರೂ ಗೇರೂ ಒಂದಕ್ಕೊಂದು ಹೊಂದುವುದಿಲ್ಲ. ಮೀಟರ್ ಬದಲಿಸಿದ ಜೀಪಿನಲ್ಲಿ ಈ ಲೆಕ್ಕ ತಪ್ಪದೆ ಮಾಡಿ.

ಸರಿ ಬಂದರೆ ಬಾವುಟ ಕಿತ್ತು, ಮೀಟರ್ ತುದಿಯನ್ನೂ ಅದೇ ರೀತಿ ಕೂರಿಸಿ. ಇಲ್ಲಿ ಬೆರಳಿನ ಬಿಗಿಯೇ ಸಾಕು, ಇಕ್ಕಳ ಬೇಡ.

ಹಂತ 8: ಓಡಿಸಿ ನೋಡುವುದು

ಟ್ರಾನ್ಸ್‌ಫರ್ ಕೇಸ್‌ನ ಲೆವೆಲ್ ಪ್ಲಗ್ ಬಿಚ್ಚಿ ಆಯಿಲ್ ಮಟ್ಟ ನೋಡಿ, ಸೋರಿಹೋದಷ್ಟು ತುಂಬಿ. ಬ್ಯಾಟರಿ ಜೋಡಿಸಿ, ಕಲ್ಲುಗಳನ್ನೆಲ್ಲ ತೆಗೆದಿದ್ದೀರಾ ನೋಡಿ, ನಿಧಾನ ಹೊರಡಿ. 20 ಕಿ.ಮೀ. ವೇಗದೊಳಗೆ ಮುಳ್ಳು ಕೊಂಚ ಅಲುಗಿದರೆ ಚಿಂತೆ ಬೇಡ. 40ರಲ್ಲೂ ಕುಣಿಯುತ್ತಿದ್ದರೆ ಎಲ್ಲೋ ಬಾಗು ಹೆಚ್ಚಾಗಿದೆ, ಟೈಗಳನ್ನು ಬಿಚ್ಚಿ ದಾರಿ ಸರಿಪಡಿಸಿ.

ನೇರ ರಸ್ತೆಯಲ್ಲಿ ಪಕ್ಕದವರು ಫೋನಿನ ಜಿಪಿಎಸ್ ವೇಗ ಓದಲಿ, ನೀವು ಮುಳ್ಳನ್ನು ಒಂದೇ ಕಡೆ ಹಿಡಿದಿಡಿ. ವ್ಯತ್ಯಾಸ ಕಂಡರೆ ಟೈರಿನ ಗಾತ್ರ ನೆನಪಿಸಿಕೊಳ್ಳಿ. 215/75 ಆರ್ 15 ಟೈರಿನ ವ್ಯಾಸ ಸುಮಾರು 703 ಮಿ.ಮೀ., 235/75 ಆರ್ 15ರದ್ದು ಸುಮಾರು 733. ಮೊದಲಿನದ್ದಕ್ಕೆ ಹೊಂದಿಸಿದ ಮೀಟರ್ ಇರುವ ಗಾಡಿಗೆ ಎರಡನೆಯದನ್ನು ಹಾಕಿದರೆ, ಮೀಟರ್ 60 ತೋರಿಸುವಾಗ ನೀವು ಓಡುತ್ತಿರುವುದು 62.5ರ ಹತ್ತಿರ. ಇದನ್ನು ಕೇಬಲ್‌ನಿಂದ ಸರಿಪಡಿಸಲು ಆಗುವುದಿಲ್ಲ, ಹಲ್ಲಿನ ಸಂಖ್ಯೆ ಬೇರೆ ಇರುವ ಮೀಟರ್ ಗೇರ್ ಹುಡುಕಬೇಕು.

ಸುಮಾರು 50 ಕಿ.ಮೀ. ಓಡಿದ ಮೇಲೆ ಎರಡೂ ನಟ್ಟುಗಳನ್ನು ಮತ್ತೆ ಬೆರಳಲ್ಲಿ ಮುಟ್ಟಿ ನೋಡಿ, ಕೆಳಗಿನದ್ದರ ಸುತ್ತ ಆಯಿಲ್ ಜಿನುಗಿದೆಯೇ ಗಮನಿಸಿ. ಗಾಡಿ ನೀರು ದಾಟುವಂಥದ್ದಾದರೆ ಪ್ರತಿ ಮಳೆಗಾಲ ಮುಗಿದ ಮೇಲೆ ಇನ್ನರ್ ಹೊರಗೆಳೆದು ಒರೆಸಿ ಗ್ರೀಸ್ ಸವರಿ. ಹದಿನೈದು ವರ್ಷ ದಾಟಿದ ಜೀಪನ್ನು ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್ ಪರೀಕ್ಷೆಗೆ) ಒಯ್ಯುವವರು ಈ ಕೆಲಸವನ್ನು ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ. ಸೀಲ್ ಅಥವಾ ಮೀಟರ್ ಗೇರ್ ಹೋಗಿರುವುದು ಬಿಚ್ಚಿದ ಮೇಲೆಯೇ ಗೊತ್ತಾಗುವುದು, ಅದನ್ನು ಹುಡುಕಿ ತರಲು ಕೆಲವು ದಿನ ಹಿಡಿಯಬಹುದು.